0.024 ಗೋಲ್‌ನಿಂದ ಚಾಂಪಿಯನ್: ಹಡರ್ಸ್‌ಫೀಲ್ಡ್ ಟೌನ್‌ನ 1923–24ರ ಸೀಸನ್

ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಲೀಗ್ ಪಟ್ಟಿಗಳನ್ನು ನೋಡುತ್ತಿದ್ದೆ. 1923–24ರಲ್ಲಿ ಹಡರ್ಸ್‌ಫೀಲ್ಡ್ ಟೌನ್ ಎಂಬ ಕ್ಲಬ್ ಬರೀ 0.024 ಅಂತರದಲ್ಲಿ ಕಾರ್ಡಿಫ್ ಸಿಟಿಯನ್ನು ಹಿಂದೆ ಹಾಕಿ ಚಾಂಪಿಯನ್ ಆಯಿತು ಎಂದಿದೆ. ಗೋಲ್‌ನಲ್ಲಿ ಪಾಯಿಂಟ್ ಸೊನ್ನೆ ಎರಡು ನಾಲ್ಕು ಹೇಗೆ ಬರುತ್ತೆ? ಈಗಿನ ನಿಯಮ ಇದ್ದಿದ್ದರೆ ಕಾರ್ಡಿಫ್ ಗೆಲ್ಲುತ್ತಿತ್ತು ಅಂತಾರೆ, ನಿಜವೇ? ಹಾಗಿದ್ದರೆ ಹಡರ್ಸ್‌ಫೀಲ್ಡ್‌ಗೆ ಸಿಕ್ಕಿದ್ದು ಅದೃಷ್ಟ ತಾನೆ?

ಉತ್ತರ:

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದೃಷ್ಟ ಅಲ್ಲ. ಕೊನೆಯ ದಿನ ಅದೃಷ್ಟ ಸ್ವಲ್ಪ ಜೊತೆಗಿತ್ತು, ಒಪ್ಪುತ್ತೇನೆ. ಆದರೆ ಆ ಸೀಸನ್ ಅದೃಷ್ಟದಿಂದ ಬಂದದ್ದಲ್ಲ. ಈಗಿನ ನಿಯಮ ಇದ್ದಿದ್ದರೆ ಕಾರ್ಡಿಫ್ ಗೆಲ್ಲುತ್ತಿತ್ತು ಎಂಬ ಮಾತು ಅರ್ಧ ಮಾತ್ರ ನಿಜ, ಆ ಅರ್ಧವನ್ನೇ ಎಲ್ಲರೂ ಹೇಳಿ ಮುಂದೆ ಹೋಗುತ್ತಾರೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಕಾಗದದ ಮೇಲೆ ಹಾಕಿದ್ದೇನೋ, ಹಾಕಿದಾಗಲೆಲ್ಲ ಹೊಸದೇನಾದರೂ ಸಿಕ್ಕಿದೆ. ನೀವೂ ಒಂದು ಪೆನ್ಸಿಲ್ ತಗೊಳ್ಳಿ, ಜೊತೆಯಲ್ಲೇ ಹಾಕೋಣ.

ಆಗ ಲೀಗ್‌ನ ಅತಿ ಮೇಲಿನ ಹಂತವಾದ ಫಸ್ಟ್ ಡಿವಿಜನ್‌ನಲ್ಲಿ 22 ತಂಡಗಳು, ಒಬ್ಬೊಬ್ಬರಿಗೂ 42 ಪಂದ್ಯ. ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಸೀಸನ್ ಮುಗಿದಾಗ ಹಡರ್ಸ್‌ಫೀಲ್ಡ್ 23 ಗೆದ್ದು, 11 ಡ್ರಾ ಮಾಡಿಕೊಂಡು, 8 ಸೋತಿತ್ತು. ಕಾರ್ಡಿಫ್ 22 ಗೆದ್ದು, 13 ಡ್ರಾ ಮಾಡಿಕೊಂಡು, 7 ಸೋತಿತ್ತು. ಇಬ್ಬರಿಗೂ 57 ಪಾಯಿಂಟ್. ಪಾಯಿಂಟ್ ಸಮ ಆದಾಗ ಆಗಿನವರು ನೋಡುತ್ತಿದ್ದದ್ದು ಗೋಲ್ ಆವರೇಜ್.

ಗೋಲ್ ಆವರೇಜ್ ಅಂದರೆ ಭಾಗಾಕಾರ. ಹೊಡೆದ ಗೋಲ್‌ಗಳನ್ನು ಬಿಟ್ಟುಕೊಟ್ಟ ಗೋಲ್‌ಗಳಿಂದ ಭಾಗಿಸಬೇಕು. ಹೆಸರು ಆವರೇಜ್ ಎಂದಿದ್ದರೂ ಪಂದ್ಯಕ್ಕೆ ಎಷ್ಟು ಗೋಲ್ ಎನ್ನುವ ಸರಾಸರಿ ಇದಲ್ಲ, ಬಹಳ ಜನ ಎಡವುವುದು ಇಲ್ಲೇ. ಕ್ರಿಕೆಟ್‌ನ ನೆಟ್ ರನ್ ರೇಟ್ ನಮಗೆಲ್ಲ ಗೊತ್ತು, ಅದರಲ್ಲಿ ಕೊನೆಗೆ ಕಳೆಯುತ್ತೇವೆ. ಇದರಲ್ಲಿ ಭಾಗಿಸುತ್ತೇವೆ. ಹಡರ್ಸ್‌ಫೀಲ್ಡ್ 60 ಹೊಡೆದು 33 ಬಿಟ್ಟುಕೊಟ್ಟಿತ್ತು, 60ನ್ನು 33ರಿಂದ ಭಾಗಿಸಿದರೆ 1.818. ಕಾರ್ಡಿಫ್ 61 ಹೊಡೆದು 34 ಬಿಟ್ಟುಕೊಟ್ಟಿತ್ತು, ಭಾಗಿಸಿದರೆ 1.794. ವ್ಯತ್ಯಾಸ 0.024. ನೀವು ಓದಿದ ಸಂಖ್ಯೆ ಇದೇ. ಅದನ್ನು 'ಗೋಲ್' ಎಂದು ಕರೆಯುವುದು ರೂಢಿಯ ಮಾತು ಅಷ್ಟೇ, ನಿಜವಾಗಿ ಅದು ಒಂದು ಅನುಪಾತ. ಗೋಲ್ ಆವರೇಜ್‌ನಿಂದ ಇಂಗ್ಲೆಂಡಿನ ಲೀಗ್ ತೀರ್ಮಾನವಾದದ್ದು ಇದೊಂದೇ ಸಲ ಅಲ್ಲ. 1950ರಲ್ಲಿ ಪೋರ್ಟ್ಸ್‌ಮತ್, 1953ರಲ್ಲಿ ಆರ್ಸೆನಲ್, 1965ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೀಗೇ ಗೆದ್ದವು. ಆದರೆ ಇಷ್ಟು ತೆಳುವಾದ ಅಂತರ ಇನ್ನೊಂದಿಲ್ಲ.

ಈ ಭಾಗಾಕಾರಕ್ಕೆ ಒಂದು ಗುಣ ಇದೆ, ಅದು ಗೊತ್ತಾಗದಿದ್ದರೆ ಈ ಸೀಸನ್ ಅರ್ಥವಾಗುವುದಿಲ್ಲ. ಒಳ್ಳೆಯ ತಂಡಕ್ಕೆ ಗೋಲ್ ಹೊಡೆಯುವುದಕ್ಕಿಂತ ಗೋಲ್ ತಡೆಯುವುದರಲ್ಲೇ ಲಾಭ ಜಾಸ್ತಿ. ಹಡರ್ಸ್‌ಫೀಲ್ಡ್ ಇನ್ನೊಂದು ಗೋಲ್ ಹೊಡೆದು 61 ಮಾಡಿಕೊಂಡಿದ್ದರೆ ಆವರೇಜ್ 1.848 ಆಗುತ್ತಿತ್ತು. ಅದರ ಬದಲು ಒಂದು ಗೋಲ್ ಕಡಿಮೆ ಬಿಟ್ಟು 32ಕ್ಕೆ ನಿಲ್ಲಿಸಿದ್ದರೆ 1.875. ಮೊದಲನೆಯದರಲ್ಲಿ 0.030 ಏರುತ್ತದೆ, ಎರಡನೆಯದರಲ್ಲಿ 0.057. ಹೆಚ್ಚುಕಡಿಮೆ ದುಪ್ಪಟ್ಟು! ಗೋಲ್ ಹೊಡೆದವನ ಹೆಸರು ಮರುದಿನದ ಪೇಪರ್‌ನಲ್ಲಿ ಬರುತ್ತದೆ. ಗೋಲ್ ಆಗದಂತೆ ಚೆಂಡನ್ನು ಗೆರೆಯಿಂದ ಆಚೆ ಒದ್ದವನ ಹೆಸರು ಬರುವುದು ಅಪರೂಪ. ಪಾಯಿಂಟ್ ಪಟ್ಟಿ ಮಾತ್ರ ಅವನನ್ನು ಮರೆಯುತ್ತಿರಲಿಲ್ಲ, ಆ ಕಾರಣಕ್ಕೇ ಹಳೆಯ ಈ ನಿಯಮದ ಮೇಲೆ ನನಗೆ ಪ್ರೀತಿ.

ಈಗ ಕೊನೆಯ ದಿನಕ್ಕೆ ಬರೋಣ. 1924ರ ಮೇ 3, ಶನಿವಾರ. ಬೆಳಗ್ಗೆ ಪಟ್ಟಿಯ ಮೇಲೆ ಇದ್ದದ್ದು ಕಾರ್ಡಿಫ್, 56 ಪಾಯಿಂಟ್. ಹಡರ್ಸ್‌ಫೀಲ್ಡ್ 55. ಕಾರ್ಡಿಫ್ ಬರ್ಮಿಂಗ್‌ಹ್ಯಾಮ್‌ನ ಸೇಂಟ್ ಆಂಡ್ರ್ಯೂಸ್ ಮೈದಾನಕ್ಕೆ ಹೋಗಿ ಆಡಬೇಕಿತ್ತು. ಹಡರ್ಸ್‌ಫೀಲ್ಡ್‌ಗೆ ತನ್ನದೇ ಲೀಡ್ಸ್ ರೋಡ್ ಮೈದಾನದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರಾಳಿ. ಕಾರ್ಡಿಫ್ ಗೆದ್ದರೆ ಕಥೆ ಮುಗಿಯಿತು, ಆಗ ಹಡರ್ಸ್‌ಫೀಲ್ಡ್ ಹತ್ತು ಗೋಲ್ ಹೊಡೆದರೂ ಪ್ರಯೋಜನ ಇಲ್ಲ. ಕಾರ್ಡಿಫ್ ಡ್ರಾ ಮಾಡಿಕೊಂಡರೆ? ಆಗ ಹಡರ್ಸ್‌ಫೀಲ್ಡ್ ಗೆಲ್ಲಲೇಬೇಕು, ಎಷ್ಟರಿಂದ ಎನ್ನುವುದೂ ಮುಖ್ಯ.

ಅಲ್ಲಿಯವರೆಗೆ ಹಡರ್ಸ್‌ಫೀಲ್ಡ್ 57 ಹೊಡೆದು 33 ಬಿಟ್ಟಿತ್ತು, ಕಾರ್ಡಿಫ್‌ನದು ಆಗಲೇ 61ಕ್ಕೆ 34. ಕಾರ್ಡಿಫ್ 0–0 ಡ್ರಾ ಮಾಡಿಕೊಂಡರೆ ಅದರ 1.794 ಹಾಗೇ ಉಳಿಯುತ್ತದೆ. ಹಡರ್ಸ್‌ಫೀಲ್ಡ್ 1–0 ಗೆದ್ದರೆ 1.758, ಸಾಲದು. 2–0 ಗೆದ್ದರೆ 1.788, ಅದೂ ಸಾಲದು, ಕೂದಲೆಳೆಯಷ್ಟು ಕಡಿಮೆ. 3–0 ಗೆದ್ದರೆ ಮಾತ್ರ 1.818. ಅಂದರೆ ಮೂರು ಗೋಲ್ ಬೇಕು, ಒಂದೂ ಬಿಡಬಾರದು. 3–1 ಆದರೆ 60ಕ್ಕೆ 34, ಬರೀ 1.765, ಕಾರ್ಡಿಫ್ ಚಾಂಪಿಯನ್. 4–1 ಆಗಿದ್ದರೆ ಏನಾಗುತ್ತಿತ್ತು ನೋಡಿ: 61ಕ್ಕೆ 34. ಅದೇ ಪಾಯಿಂಟ್, ಹೊಡೆದದ್ದೂ ಅಷ್ಟೇ, ಬಿಟ್ಟದ್ದೂ ಅಷ್ಟೇ! 42 ಪಂದ್ಯ ಆಡಿದ ಎರಡು ತಂಡಗಳು ಎಲ್ಲ ಲೆಕ್ಕದಲ್ಲೂ ಕನ್ನಡಿ ಹಿಡಿದಂತೆ ಒಂದೇ ಆಗಿರುತ್ತಿದ್ದವು. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ತಪ್ಪಿದ್ದೇನೆ ಎಂದುಕೊಂಡು ಮತ್ತೆ ಮೊದಲಿಂದ ಬರೆದಿದ್ದೆ.

ಇನ್ನೂ ಒಂದು ವಿಚಿತ್ರ ಇದೆ. ಕಾರ್ಡಿಫ್‌ಗೆ 1–1 ಡ್ರಾಗಿಂತ 0–0 ಡ್ರಾನೇ ಒಳ್ಳೆಯದಿತ್ತು. 1–1 ಆಗಿದ್ದರೆ 62ಕ್ಕೆ 35, ಅಂದರೆ 1.771ಕ್ಕೆ ಇಳಿಯುತ್ತಿತ್ತು. ಆಗ ಹಡರ್ಸ್‌ಫೀಲ್ಡ್‌ಗೆ 2–0 ಗೆಲುವೇ ಸಾಕಾಗುತ್ತಿತ್ತು. ಗೋಲ್ ಹೊಡೆದು ಒಂದು ವಾಪಸ್ ತಿಂದವನು ಏನೂ ಮಾಡದೆ ನಿಂತವನಿಗಿಂತ ಹಿಂದೆ ಬೀಳುವುದು ಈಗಿನ ಗೋಲ್ ವ್ಯತ್ಯಾಸದ ಲೆಕ್ಕದಲ್ಲಿ ಆಗುವುದಿಲ್ಲ, ಭಾಗಾಕಾರದಲ್ಲಿ ಆಗುತ್ತದೆ. ಹಾಗಾಗಿ ಆ ದಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಕಾರ್ಡಿಫ್ ಎಚ್ಚರಿಕೆಯಿಂದ ಆಡಿದ್ದರೆ ಅದು ಹೇಡಿತನ ಅಲ್ಲ, ಲೆಕ್ಕ ಬಲ್ಲವರ ಆಟ.

ಆಗಿದ್ದು ಏನು? ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡನೇ ಅರ್ಧದವರೆಗೂ ಗೋಲ್ ಇಲ್ಲ. ಆಮೇಲೆ ಕಾರ್ಡಿಫ್‌ನ ಜಿಮ್ಮಿ ಗಿಲ್ ತಲೆಯಿಂದ ಹೊಡೆದ ಚೆಂಡು ಗೋಲ್ ಒಳಗೆ ಹೋಗುತ್ತಿತ್ತು, ಅದನ್ನು ಎದುರಾಳಿ ಆಟಗಾರ ಕೈಯಿಂದ ತಡೆದ. ಪೆನಾಲ್ಟಿ. ಗೋಲ್ ಆದರೆ ಲೀಗ್ ಬಹುಪಾಲು ಕಾರ್ಡಿಫ್‌ನದು. ಒದೆಯಲು ಬಂದವರು ಲೆನ್ ಡೇವಿಸ್, ಆ ಸೀಸನ್‌ನಲ್ಲಿ ಲೀಗ್‌ನಲ್ಲಿ 23 ಗೋಲ್ ಹೊಡೆದಿದ್ದವರು. ಬರ್ಮಿಂಗ್‌ಹ್ಯಾಮ್ ಗೋಲ್‌ಕೀಪರ್ ಡ್ಯಾನ್ ಟ್ರೆಮೆಲಿಂಗ್ ಅದನ್ನು ಹಿಡಿದುಬಿಟ್ಟರು. ಪಂದ್ಯ 0–0.

ಅತ್ತ ಲೀಡ್ಸ್ ರೋಡ್‌ನಲ್ಲಿ ಹಡರ್ಸ್‌ಫೀಲ್ಡ್ 3–0 ಗೆದ್ದಿತು. ಸರಿಯಾಗಿ ಮೂರು. ಒಂದೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ, ಒಂದೂ ಬಿಡಲಿಲ್ಲ. ಆಗ ರೇಡಿಯೊದಲ್ಲಿ ಫುಟ್‌ಬಾಲ್ ಕಾಮೆಂಟರಿ ಇರಲಿಲ್ಲ, ಇಂಗ್ಲೆಂಡಿನಲ್ಲಿ ಅದು ಶುರುವಾದದ್ದು 1927ರ ಜನವರಿಯಲ್ಲಿ. ತಮ್ಮ ಕಣ್ಣೆದುರಿನ ಮೂರು ಗೋಲ್ ಸಾಕೋ ಸಾಲದೋ ಎನ್ನುವುದು ಮೈದಾನದಲ್ಲಿದ್ದವರಿಗೆ ಆಟ ನೋಡಿ ಗೊತ್ತಾಗುವಂತಿರಲಿಲ್ಲ. ಬೇರೆ ಊರಿಂದ ಸುದ್ದಿ ಬರಬೇಕು.

ಲೆನ್ ಡೇವಿಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನೂರು ವರ್ಷದಿಂದ ಈ ಕಥೆಯನ್ನು 'ಡೇವಿಸ್ ಪೆನಾಲ್ಟಿ ತಪ್ಪಿಸಿ ಲೀಗ್ ಕಳೆದರು' ಎಂದೇ ಹೇಳುತ್ತಾ ಬಂದಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಕಾರ್ಡಿಫ್ ಹೊಡೆದ 61 ಗೋಲ್‌ಗಳಲ್ಲಿ 23 ಅವರೊಬ್ಬರದೇ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಅವರಿಲ್ಲದಿದ್ದರೆ ಕೊನೆಯ ದಿನ ಆ ತಂಡ ಮೇಲಿನ ಜಾಗದಲ್ಲಿ ಇರುತ್ತಲೇ ಇರಲಿಲ್ಲ. 13 ಡ್ರಾ ಮಾಡಿಕೊಂಡ ತಂಡಕ್ಕೆ ಕಳೆದುಹೋದ ಒಂದು ಪಾಯಿಂಟ್ ಆ ಒಂದು ಒದೆತದಲ್ಲೇ ಇತ್ತು ಎನ್ನುವುದು ಹೇಗೆ? ಆ 13ರಲ್ಲಿ ಯಾವುದನ್ನು ಬೇಕಾದರೂ ತೋರಿಸಬಹುದು. ಕೊನೆಯದು ನಮಗೆ ಕಾಣುತ್ತದೆ, ಅಷ್ಟೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಂಗ್ಲೆಂಡಿನ ಲೀಗ್ 1976ರಲ್ಲಿ ಗೋಲ್ ಆವರೇಜ್ ಬಿಟ್ಟು ಗೋಲ್ ವ್ಯತ್ಯಾಸಕ್ಕೆ ಬಂತು. ಭಾಗಿಸುವ ಬದಲು ಕಳೆಯುವುದು. ಹಡರ್ಸ್‌ಫೀಲ್ಡ್: 60ರಲ್ಲಿ 33 ಕಳೆದರೆ 27. ಕಾರ್ಡಿಫ್: 61ರಲ್ಲಿ 34 ಕಳೆದರೆ 27. ಅದೂ ಸಮ! ಆಗ ಜಾಸ್ತಿ ಗೋಲ್ ಹೊಡೆದವರು ಯಾರು ಎಂದು ನೋಡುತ್ತಾರೆ. 61 ಹೊಡೆದ ಕಾರ್ಡಿಫ್ ಚಾಂಪಿಯನ್. 'ಈಗಿನ ನಿಯಮ ಇದ್ದಿದ್ದರೆ' ಎಂದು ಎಲ್ಲ ಕಡೆ ಬರೆಯುವುದು ಈ ಲೆಕ್ಕವನ್ನು ನೋಡಿಯೇ.

ಆದರೆ ಈಗಿನ ನಿಯಮ ಅಂದರೆ ಗೋಲ್ ವ್ಯತ್ಯಾಸ ಒಂದೇ ಅಲ್ವಲ್ಲ. ಈಗ ಗೆಲುವಿಗೆ 3 ಪಾಯಿಂಟ್. ಇಂಗ್ಲೆಂಡಿನಲ್ಲಿ 1981ರಿಂದ ಹಾಗಿದೆ. ಅದನ್ನೂ ಹಾಕಿ ನೋಡಿ. ಹಡರ್ಸ್‌ಫೀಲ್ಡ್ 23 ಗೆಲುವಿಗೆ 69, ಡ್ರಾಗಳ 11 ಸೇರಿ 80. ಕಾರ್ಡಿಫ್ 22 ಗೆಲುವಿಗೆ 66, ಡ್ರಾಗಳ 13 ಸೇರಿ 79. ಹಡರ್ಸ್‌ಫೀಲ್ಡ್ ಒಂದು ಪಾಯಿಂಟ್ ಮುಂದೆ, ಗೋಲ್ ಲೆಕ್ಕದ ತಂಟೆಯೇ ಇಲ್ಲ. ಹಾಗಾಗಿ ಈಗಿನ ನಿಯಮದಲ್ಲಿ ಅರ್ಧ ತಗೊಂಡರೆ ಕಾರ್ಡಿಫ್, ಪೂರ್ತಿ ತಗೊಂಡರೆ ಹಡರ್ಸ್‌ಫೀಲ್ಡ್. ಮುಂದಿನ ಸಲ ಯಾರಾದರೂ ವಾದಕ್ಕೆ ಬಂದರೆ ಇದನ್ನು ಹೇಳಿ. ಆದರೂ ಹಳೆಯ ಪಂದ್ಯಗಳಿಗೆ ಹೊಸ ನಿಯಮ ಹಚ್ಚುವ ಕೆಲಸಕ್ಕೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಗೆಲುವಿಗೆ 3 ಪಾಯಿಂಟ್ ಇದ್ದಿದ್ದರೆ ಎರಡೂ ತಂಡಗಳು ಆಡುವ ರೀತಿಯೇ ಬೇರೆ ಇರುತ್ತಿತ್ತು.

ಆ 33 ಎಂಬ ಸಂಖ್ಯೆ ಎಲ್ಲಿಂದ ಬಂತು ಎನ್ನುವುದೇ ನನಗೆ ಈ ಸೀಸನ್‌ನ ನಿಜವಾದ ವಿಷಯ. ಅದಕ್ಕೆ ಐದು ವರ್ಷ ಹಿಂದೆ ಹೋಗಬೇಕು.

ಹಡರ್ಸ್‌ಫೀಲ್ಡ್ ಯಾರ್ಕ್‌ಷೈರ್‌ನ ಒಂದು ಊರು, ಉಣ್ಣೆ ಬಟ್ಟೆಯ ಗಿರಣಿಗಳ ಊರು. ಅಲ್ಲಿಯ ಜನಕ್ಕೆ ಫುಟ್‌ಬಾಲ್‌ಗಿಂತ ರಗ್ಬಿ ಹತ್ತಿರದ್ದು. ಈಗ ರಗ್ಬಿ ಲೀಗ್ ಎನ್ನುವ ಆಟ ಹುಟ್ಟಿದ್ದೇ 1895ರಲ್ಲಿ ಆ ಊರಿನ ಜಾರ್ಜ್ ಹೋಟೆಲ್‌ನಲ್ಲಿ ನಡೆದ ಸಭೆಯಲ್ಲಿ. ಅಂಥ ಊರಲ್ಲಿ 1908ರಲ್ಲಿ ಶುರುವಾದ ಫುಟ್‌ಬಾಲ್ ಕ್ಲಬ್ ಹಡರ್ಸ್‌ಫೀಲ್ಡ್ ಟೌನ್. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಕ್ಲಬ್ ಮುಳುಗುವ ಹಂತಕ್ಕೆ ಬಂತು. ಕೈಯಲ್ಲಿ ದುಡ್ಡಿಲ್ಲ, ನೋಡಲು ಜನ ಇಲ್ಲ. ಅದೇ ಹೊತ್ತಿಗೆ ಪಕ್ಕದ ದೊಡ್ಡ ಊರು ಲೀಡ್ಸ್‌ನಲ್ಲಿ, ಯುದ್ಧದ ವರ್ಷಗಳಲ್ಲಿ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟ ಆರೋಪದ ಮೇಲೆ ಲೀಡ್ಸ್ ಸಿಟಿ ಕ್ಲಬ್ಬನ್ನು ಲೀಗ್‌ನಿಂದ ಹೊರಗೆ ಹಾಕಿದ್ದರು. ಅಲ್ಲಿಯ ಮೈದಾನ ಖಾಲಿ. ಹಡರ್ಸ್‌ಫೀಲ್ಡ್ ಕ್ಲಬ್‌ನ ಅಧ್ಯಕ್ಷ ಹಿಲ್ಟನ್ ಕ್ರೌದರ್ ತಮ್ಮ ಕ್ಲಬ್ಬನ್ನೇ ಲೀಡ್ಸ್‌ಗೆ ಸಾಗಿಸಲು ಹೊರಟರು.

ಆಗ ಊರು ಎದ್ದಿತು. ಅದುವರೆಗೆ ಮೈದಾನಕ್ಕೆ ಬಾರದವರೂ ನಮ್ಮ ಕ್ಲಬ್ ಹೋಗಬಾರದು ಎಂದು ನಿಂತರು, ಹಣ ಕೂಡಿಸಿದರು, ಕ್ಲಬ್ ಉಳಿಯಿತು. ಅದೇ ಸೀಸನ್ ಕೊನೆಗೆ ತಂಡ ಫಸ್ಟ್ ಡಿವಿಜನ್‌ಗೆ ಏರಿತು, ಸೋತವರು ಹೊರಬೀಳುವ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್‌ಗೂ ಹೋಯಿತು. ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಆಸ್ಟನ್ ವಿಲ್ಲಾಗೆ 1–0 ಸೋತಿತು. ಆ ವಿಲ್ಲಾ ತಂಡದಲ್ಲಿ ಕ್ಲೆಮ್ ಸ್ಟೀಫನ್‌ಸನ್ ಎಂಬ ಆಟಗಾರ ಇದ್ದರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಲೀಡ್ಸ್ ಸಿಟಿ ಮುಳುಗಿದಾಗ ಅದರ ಜೊತೆ ಮುಳುಗಿದವರಲ್ಲಿ ಅದರ ಮ್ಯಾನೇಜರ್ ಆಗಿದ್ದ ಹರ್ಬರ್ಟ್ ಚಾಪ್‌ಮನ್ ಒಬ್ಬರು. ಅವರ ಮೇಲೂ ನಿಷೇಧ ಬಿತ್ತು. ಆ ಪಾವತಿಗಳು ನಡೆದವು ಎನ್ನಲಾದ ಕಾಲದಲ್ಲಿ ತಾವು ಕ್ಲಬ್ ಬಿಟ್ಟು ಬಾರ್ನ್‌ಬೋದ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದುದಾಗಿ ಅವರು ವಾದಿಸಿದರು, ಹಡರ್ಸ್‌ಫೀಲ್ಡ್ ಅವರ ಬೆನ್ನಿಗೆ ನಿಂತಿತು, ನಿಷೇಧ ತೆಗೆದರು. 1921ರಲ್ಲಿ ಅವರು ಹಡರ್ಸ್‌ಫೀಲ್ಡ್ ಮ್ಯಾನೇಜರ್ ಆದರು. ಲೀಡ್ಸ್‌ಗೆ ಹೋಗಬೇಕಿದ್ದ ಕ್ಲಬ್ ತನ್ನ ಊರಲ್ಲೇ ಉಳಿದು, ಲೀಡ್ಸ್ ಕಳೆದುಕೊಂಡ ಮ್ಯಾನೇಜರ್‌ನ ಅದೃಷ್ಟವನ್ನೂ ತಿರುಗಿಸಿತು.

ಚಾಪ್‌ಮನ್ ತಂದ ಆಟಗಾರರಲ್ಲಿ ಮೊದಲು ಹೇಳಬೇಕಾದವರು ಅದೇ ಕ್ಲೆಮ್ ಸ್ಟೀಫನ್‌ಸನ್. 1921ರಲ್ಲಿ ವಿಲ್ಲಾದಿಂದ ಕರೆತಂದಾಗ ಅವರಿಗೆ 31 ವರ್ಷ. ವೇಗ ಕಡಿಮೆ, ಆದರೆ ಚೆಂಡನ್ನು ಯಾವಾಗ ಯಾರಿಗೆ ಕೊಡಬೇಕು ಎನ್ನುವುದು ಅವರಷ್ಟು ಬಲ್ಲವರು ಕಡಿಮೆ. ಅವರನ್ನೇ ಮುಂದಾಳು ಮಾಡಿ ತಂಡ ಕಟ್ಟಿದರು. ಎಡಗಡೆ ವಿಂಗ್‌ನಲ್ಲಿ ಬಿಲ್ಲಿ ಸ್ಮಿತ್ ಮೊದಲೇ ಇದ್ದರು, ಮುಂದೆ ಅವರು ಕ್ಲಬ್‌ಗಾಗಿ 500ಕ್ಕೂ ಜಾಸ್ತಿ ಲೀಗ್ ಪಂದ್ಯ ಆಡಿದರು. ನಾರ್ತಂಬರ್ಲೆಂಡ್‌ನ ಕಲ್ಲಿದ್ದಲು ಗಣಿ ಊರಿನಿಂದ ಬಂದ ಜಾರ್ಜ್ ಬ್ರೌನ್ ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲ್ ಹೊಡೆದವರಾದರು. ಚಿಕ್ಕ ಕ್ಲಬ್ ನೆಲ್ಸನ್‌ನಿಂದ ಬಂದ ಬ್ಯಾಕ್ ಸ್ಯಾಮ್ ವಾಡ್ಸ್‌ವರ್ತ್ ಇಂಗ್ಲೆಂಡ್ ತಂಡದ ನಾಯಕರೂ ಆದರು. ಗೋಲ್ ಕಾಯುತ್ತಿದ್ದದ್ದು ಟೆಡ್ ಟೇಲರ್, ಅವರೂ ಇಂಗ್ಲೆಂಡ್‌ಗೆ ಆಡಿದವರು. 1922ರಲ್ಲೇ ಈ ತಂಡ ಎಫ್‌ಎ ಕಪ್ ಗೆದ್ದಿತ್ತು, ಪ್ರೆಸ್ಟನ್ ವಿರುದ್ಧ 1–0, ಸ್ಮಿತ್ ಹೊಡೆದ ಪೆನಾಲ್ಟಿಯಿಂದ. ವೆಂಬ್ಲಿ ಮೈದಾನ ಬರುವುದಕ್ಕೆ ಮುಂಚಿನ ಕೊನೆಯ ಫೈನಲ್ ಅದು.

ಆಟದ ರೀತಿ ನೋಡಿ. ಆಗ ಎಲ್ಲರೂ ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್ ಇಟ್ಟುಕೊಂಡು ಆಡುತ್ತಿದ್ದರು. ಆಫ್‌ಸೈಡ್ ನಿಯಮವೂ ಬೇರೆ ಇತ್ತು: ಚೆಂಡು ಪಡೆಯುವವನ ಮುಂದೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕು. ಒಬ್ಬ ಬ್ಯಾಕ್ ಚೂರು ಮುಂದೆ ಬಂದು ನಿಂತರೆ ಸಾಕು, ಇಡೀ ದಾಳಿ ನಿಂತುಹೋಗುತ್ತಿತ್ತು. ಮೈದಾನದ ಮಧ್ಯೆ ಜನಜಂಗುಳಿ, ಗೋಲ್‌ಗಳು ವಿರಳ. ಅಂಥ ಕಾಲದಲ್ಲಿ ಚಾಪ್‌ಮನ್ ತಂಡ ಸೆಂಟರ್ ಹಾಫ್ ಟಾಮ್ ವಿಲ್ಸನ್ ಅವರನ್ನು ಬೇರೆ ತಂಡದವರಿಗಿಂತ ಹಿಂದೆ ಉಳಿಸಿಕೊಂಡು, ಎದುರಾಳಿಯನ್ನು ಮುಂದೆ ಬರಲು ಬಿಟ್ಟು, ಚೆಂಡು ಸಿಕ್ಕ ಕೂಡಲೇ ಚಿಕ್ಕ ಚಿಕ್ಕ ಪಾಸ್‌ಗಳಲ್ಲಿ ಜೋರಾಗಿ ಮುಂದೆ ಓಡುತ್ತಿತ್ತು. ವಿಂಗ್‌ನವರು ಮೂಲೆಯವರೆಗೆ ಓಡಿ ಚೆಂಡನ್ನು ಸುಮ್ನೆ ಮೇಲೆ ಎತ್ತಿ ಹಾಕುವುದಕ್ಕಿಂತ ಒಳಗಡೆಗೆ ಕೊಡಬೇಕು ಎನ್ನುವುದು ಚಾಪ್‌ಮನ್ ಪಾಠ. ಎರಡನೇ ತಂಡ, ಮೂರನೇ ತಂಡ ಕೂಡ ಇದೇ ರೀತಿ ಆಡಬೇಕಿತ್ತು, ಯಾಕೆಂದರೆ ಮೇಲಿನ ತಂಡದಲ್ಲಿ ಒಬ್ಬ ಗಾಯಗೊಂಡರೆ ಕೆಳಗಿನಿಂದ ಬಂದವನಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಬಾರದು. ಈಗ ಇದು ಎಲ್ಲ ದೊಡ್ಡ ಕ್ಲಬ್‌ಗಳ ರೂಢಿ. ಆಗ ಹಾಗಿರಲಿಲ್ಲ.

ಹೀಗೆ ಬಂದದ್ದು ಆ 33. ಗೋಲ್ ಆವರೇಜ್ ಎಂಬ ಭಾಗಾಕಾರ ತಡೆಯುವವರ ಕಡೆ ವಾಲುತ್ತದೆ ಎಂದೆನಲ್ಲ, ಈ ತಂಡವನ್ನು ಕಟ್ಟಿದ್ದೂ ಮೊದಲು ತಡೆಯಬೇಕು ಎಂಬ ತಳಹದಿಯ ಮೇಲೆ. ಕಾರ್ಡಿಫ್ ಕೂಡ ಚೆನ್ನಾಗಿಯೇ ತಡೆದಿತ್ತು, 34 ಅಂದರೆ ಕಡಿಮೆಯೇನಲ್ಲ, ಆ ತಂಡವನ್ನು ಹಗುರವಾಗಿ ನೋಡಬೇಡಿ. 1920ರಲ್ಲಷ್ಟೇ ಲೀಗ್‌ಗೆ ಬಂದ ವೇಲ್ಸ್‌ನ ಕ್ಲಬ್ ಅದು. 1924ರ ಫೆಬ್ರವರಿಯಲ್ಲಿ ವೇಲ್ಸ್ ಮತ್ತು ಸ್ಕಾಟ್ಲೆಂಡ್ ಆಡಿದಾಗ ಎರಡೂ ದೇಶಗಳ ನಾಯಕರು, ಫ್ರೆಡ್ ಕೀನರ್ ಮತ್ತು ಜಿಮ್ಮಿ ಬ್ಲೇರ್, ಕಾರ್ಡಿಫ್ ಆಟಗಾರರೇ ಆಗಿದ್ದರು. ಅಂಥ ತಂಡದ ಮೇಲೆ ಗೆದ್ದದ್ದು 0.024ರಿಂದಾದರೂ ದೊಡ್ಡದೇ.

ಅದೃಷ್ಟ ಎನ್ನುವವರಿಗೆ ನಾನು ಮುಂದಿನ ಎರಡು ಸೀಸನ್ ತೋರಿಸುತ್ತೇನೆ. 1924–25ರಲ್ಲಿ ಹಡರ್ಸ್‌ಫೀಲ್ಡ್ ಮತ್ತೆ ಚಾಂಪಿಯನ್, 58 ಪಾಯಿಂಟ್, ಎರಡನೇ ಸ್ಥಾನದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ಗಿಂತ ಎರಡು ಮುಂದೆ. ಆ 42 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 28 ಗೋಲ್, ಯಾವ ಒಂದು ಪಂದ್ಯದಲ್ಲೂ ಎರಡಕ್ಕಿಂತ ಜಾಸ್ತಿ ಬಿಡಲಿಲ್ಲ. ನನ್ನ ಮಟ್ಟಿಗೆ ಇದು 1924ರ ಆ 3–0ಗಿಂತ ದೊಡ್ಡ ಸಾಧನೆ. ಆ ಸೀಸನ್ ಮುಗಿದ ಮೇಲೆ, 1925ರ ಬೇಸಿಗೆಯಲ್ಲಿ, ಚಾಪ್‌ಮನ್ ಆರ್ಸೆನಲ್‌ಗೆ ಹೋದರು.

ಅದೇ ಬೇಸಿಗೆಯಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು, ಮೂವರ ಜಾಗದಲ್ಲಿ ಇಬ್ಬರು ಸಾಕು ಎಂದಾಯಿತು. ಒಂದೇ ವರ್ಷದಲ್ಲಿ ಫಸ್ಟ್ ಡಿವಿಜನ್‌ನ ಒಟ್ಟು ಗೋಲ್‌ಗಳು 1192ರಿಂದ 1703ಕ್ಕೆ ಹಾರಿದವು. ತಡೆಯುವುದರ ಮೇಲೆ ನಿಂತಿದ್ದ ತಂಡ, ತಡೆಯುವುದಕ್ಕೆ ಅನುಕೂಲವಾಗಿದ್ದ ನಿಯಮ ಹೋಯಿತು, ಕಟ್ಟಿದ ಮ್ಯಾನೇಜರ್ ಕೂಡ ಹೋದರು. ಕುಸಿಯಬೇಕಿತ್ತು ತಾನೆ? ಸೆಸಿಲ್ ಪಾಟರ್ ಎಂಬ ಹೊಸ ಮ್ಯಾನೇಜರ್ ಕೆಳಗೆ 1925–26ರಲ್ಲಿ ಅದೇ ಹಡರ್ಸ್‌ಫೀಲ್ಡ್ 60 ಗೋಲ್ ಬಿಟ್ಟುಕೊಟ್ಟಿತು, ಆದರೆ 92 ಹೊಡೆಯಿತು, ಐದು ಪಾಯಿಂಟ್ ಅಂತರದಲ್ಲಿ ಮೂರನೇ ಸಲ ಚಾಂಪಿಯನ್ ಆಯಿತು. ಎರಡನೇ ಸ್ಥಾನದಲ್ಲಿ ಇದ್ದದ್ದು ಚಾಪ್‌ಮನ್‌ರ ಆರ್ಸೆನಲ್. ಸತತ ಮೂರು ಸಲ ಲೀಗ್ ಗೆದ್ದ ಮೊದಲ ಕ್ಲಬ್ ಹಡರ್ಸ್‌ಫೀಲ್ಡ್. ಅದೃಷ್ಟ ಒಂದು ಮಧ್ಯಾಹ್ನ ಕೈ ಹಿಡಿಯಬಹುದು, ಎರಡು ನಿಯಮ ಮತ್ತು ಇಬ್ಬರು ಮ್ಯಾನೇಜರ್‌ಗಳನ್ನು ದಾಟಿಸಿ ಮೂರು ವರ್ಷ ಎಲ್ಲಿ ಹಿಡಿಯುತ್ತದೆ?

ಚಾಪ್‌ಮನ್ ಆರ್ಸೆನಲ್‌ನಲ್ಲೂ ಇದನ್ನೇ ಮಾಡಿದರು. 1933, 1934, 1935ರಲ್ಲಿ ಆರ್ಸೆನಲ್ ಸತತ ಮೂರು ಸಲ ಗೆದ್ದಿತು, ಆದರೆ 1934ರ ಜನವರಿಯಲ್ಲಿ, ಎರಡನೆಯದು ಇನ್ನೂ ನಡೆಯುತ್ತಿದ್ದಾಗಲೇ, ಚಾಪ್‌ಮನ್ ತೀರಿಕೊಂಡರು. ಎರಡು ಕ್ಲಬ್‌ಗಳಿಗೆ ಹ್ಯಾಟ್ರಿಕ್‌ನ ದಾರಿ ಹಾಕಿಕೊಟ್ಟ ಮನುಷ್ಯ, ಎರಡರಲ್ಲೂ ಮೂರನೆಯದು ಬಂದಾಗ ಅಲ್ಲಿರಲಿಲ್ಲ.

ಲೆನ್ ಡೇವಿಸ್ ಏನಾದರು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ವರ್ಷದ ಮೇಲೆ, 1927ರ ಏಪ್ರಿಲ್ 23ರಂದು, ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಕಾರ್ಡಿಫ್ ಎದುರು ಇದ್ದದ್ದು ಅದೇ ಚಾಪ್‌ಮನ್ ತಂಡ, ಆರ್ಸೆನಲ್. ಹ್ಯೂಯಿ ಫರ್ಗುಸನ್ ಒದ್ದ ಚೆಂಡು ಆರ್ಸೆನಲ್ ಗೋಲ್‌ಕೀಪರ್ ಡ್ಯಾನ್ ಲೂಯಿಸ್ ಕೈಯಿಂದ ಜಾರಿ ಗೋಲ್ ಒಳಗೆ ಹೋಯಿತು. 1–0. ಕಪ್ಪನ್ನು ಇಂಗ್ಲೆಂಡಿನಿಂದ ಹೊರಗೆ ತೆಗೆದುಕೊಂಡು ಹೋದ ಒಂದೇ ಕ್ಲಬ್ ಇವತ್ತಿಗೂ ಕಾರ್ಡಿಫ್. ಆ ಹನ್ನೊಂದು ಜನರಲ್ಲಿ ಲೆನ್ ಡೇವಿಸ್ ಇದ್ದರು. ಕ್ಲಬ್‌ಗಾಗಿ ಲೀಗ್‌ನಲ್ಲಿ ಅವರು ಹೊಡೆದ 128 ಗೋಲ್‌ಗಳ ದಾಖಲೆ ಇನ್ನೂ ಅವರ ಹೆಸರಲ್ಲೇ ಇದೆ. ಅವರ ಹೆಸರು ಬಂದಾಗ ಮೊದಲು ನೆನಪಾಗಬೇಕಾದದ್ದು ಇದು.

ಲೀಗ್ ಮಾತ್ರ ಕಾರ್ಡಿಫ್‌ಗೆ ಎಂದೂ ಸಿಗಲೇ ಇಲ್ಲ. ಹಡರ್ಸ್‌ಫೀಲ್ಡ್‌ಗೂ 1926ರ ನಂತರ ಸಿಗಲಿಲ್ಲ, 1975ರಲ್ಲಿ ಅದು ನಾಲ್ಕನೇ ಡಿವಿಜನ್‌ಗೂ ಬಿತ್ತು. ಆಮೇಲೆ 2018–19ರಲ್ಲಿ ಎರಡೂ ಕ್ಲಬ್‌ಗಳು ಪ್ರೀಮಿಯರ್ ಲೀಗ್‌ನಲ್ಲಿ ಎದುರುಬದುರಾದವು. ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ 0–0. ಜನವರಿಯಲ್ಲಿ ಕಾರ್ಡಿಫ್‌ನಲ್ಲಿ ರೆಫರಿ ಹಡರ್ಸ್‌ಫೀಲ್ಡ್‌ಗೆ ಒಂದು ಪೆನಾಲ್ಟಿ ಕೊಟ್ಟು, ಸಹಾಯಕನನ್ನು ಕೇಳಿ, ವಾಪಸ್ ತೆಗೆದುಕೊಂಡರು. ಆ ಪಂದ್ಯವೂ 0–0. ಆ ಸೀಸನ್ ಕೊನೆಗೆ ಎರಡೂ ಜೊತೆಯಾಗಿ ಕೆಳಗಿಳಿದವು.